9 ವರ್ಷ, ಇಬ್ಬರು ಮಕ್ಕಳು, ಒಂದೇ ಸರ್ಕಾರಿ ಶಾಲೆ

ನಮ್ಮದು ಸಣ್ಣ ಊರು. ಮಗಳನ್ನು 1ನೇ ತರಗತಿಗೆ ಇಲ್ಲಿಗೆ ಸೇರಿಸುವಾಗ ನಿಜಕ್ಕೂ ಅಳುಕಿತ್ತು. ಈಗ ಅವಳು 9ನೇ ತರಗತಿ, ತಮ್ಮ 4ನೇ ತರಗತಿ. ಇಬ್ಬರೂ ಅದೇ ಶಾಲೆ.

ಮಗ 2ನೇ ತರಗತಿಯಲ್ಲಿದ್ದಾಗ ಅವನ ನೋಟ್‌ಬುಕ್ ತುಂಬಾ ತಪ್ಪು. 'ಷ' ಇರಬೇಕಾದ ಕಡೆ 'ಪ', 'ಧ' ಇರಬೇಕಾದ ಕಡೆ 'ದ'. ಗಮನ ಇಲ್ಲ ಅಂತ ನಾವು ಬೈದೆವು. ಟೀಚರ್ ಬೈಯಲಿಲ್ಲ. ನಮ್ಮನ್ನು ಕರೆಸಿ ಎರಡು ಪುಟ ಪಕ್ಕಪಕ್ಕ ಇಟ್ಟರು. ಒಂದು ಬೋರ್ಡ್ ನೋಡಿ ಬರೆದದ್ದು, ಇನ್ನೊಂದು ಪುಸ್ತಕ ನೋಡಿ ಬರೆದದ್ದು. ಎರಡನೆಯದರಲ್ಲಿ ಒಂದೂ ತಪ್ಪಿಲ್ಲ! "ಮೊದಲು ಕಣ್ಣು ತೋರಿಸಿ" ಅಂದರು. ದೂರದ್ದು ಮಸುಕಾಗಿ ಕಾಣುವ ದೋಷ ಅದು. ಕನ್ನಡಕ ಬಂದ ಮೇಲೆ 'ಷ'ದ ಒಳಗಿನ ಗೆರೆಯೂ ಬಂತು. ಅಕ್ಕನಿಗೂ ಅವರೇ ಪಾಠ ಮಾಡಿದ್ದರು, ಮನೆಯವರೆಲ್ಲ ಗೊತ್ತು. ಈ ಒಡನಾಟಕ್ಕೆ ನಾನು ಪೂರ್ತಿ ಅಂಕ ಕೊಡುತ್ತೇನೆ.

ಪಾಠ ಮನೆಮಾತಿನಲ್ಲೇ. ಇದಕ್ಕೆ ನೆಂಟರಿಂದ ಜಾಸ್ತಿ ಮಾತು ಕೇಳಿದ್ದೇವೆ. ಆದರೆ ಮಕ್ಕಳ ಮೊದಲ ಕಲಿಕೆ ತಾಯಿನುಡಿಯಲ್ಲೇ ಇರಲಿ ಅಂತ ಯುನೆಸ್ಕೊ 1953ರಲ್ಲೇ ಹೇಳಿತ್ತು. ಮನೆಯಲ್ಲಿ ನೋಡಿದ್ದೂ ಅದೇ. ಮಗಳು ಲೆಕ್ಕ ಮಾಡಿ ಸುಮ್ಮನಾಗುವುದಿಲ್ಲ, ಹೇಗೆ ಬಂತು ಅಂತ ತಮ್ಮನಿಗೆ ಬಿಡಿಸಿ ಹೇಳುತ್ತಾಳೆ.

ಬೇಸರದ್ದೂ ಇದೆ. ಗಣಿತದ ಟೀಚರ್‌ಗೆ ವರ್ಷದ ನಡುವೆ ವರ್ಗಾವಣೆ ಆಯಿತು. 7 ತಿಂಗಳು ಆ ಜಾಗಕ್ಕೆ ಯಾರೂ ಬರಲಿಲ್ಲ. ಆ ಕೊರತೆ ತುಂಬಲು ಮಗಳು ಒಂದಿಡೀ ರಜೆ ಕೂರಬೇಕಾಯಿತು. ಮಗನಿಗೆ ಈಗ 3 ಮತ್ತು 4ನೇ ತರಗತಿ ಒಂದೇ ಕೋಣೆಯಲ್ಲಿ. ಅರ್ಧ ಹೊತ್ತು ಪಾಠ, ಅರ್ಧ ಹೊತ್ತು ಬರೆಯುತ್ತಾ ಕೂರುವುದು. ಹುಡುಗಿಯರ ಶೌಚಾಲಯದಲ್ಲಿ ಎಷ್ಟೋ ದಿನ ನೀರೇ ಇರಲಿಲ್ಲ. ಮಗಳು ನೀರು ಕುಡಿಯದೆ ಬಾಟಲಿ ಹಾಗೇ ವಾಪಸ್ ತರುತ್ತಿದ್ದಳು. ಕಾರಣ ತಿಳಿದ ದಿನ ನನಗೆ ನಿದ್ದೆ ಬರಲಿಲ್ಲ. 11 ಜನ ಪೋಷಕರು ಸೇರಿ ಬರೆದುಕೊಟ್ಟ ಮೇಲೆ ನಲ್ಲಿ ಸರಿಹೋಯಿತು.

ಒಂದು ವಿಷಯ ನಾವು ತಡವಾಗಿ ತಿಳಿದದ್ದು. ಟೀಚರ್ ಹುದ್ದೆ ಎಷ್ಟು ಅನ್ನುವುದು ಮಕ್ಕಳ ಸಂಖ್ಯೆ ಮೇಲೆ ನಿಂತಿರುತ್ತದೆ. ಟೀಚರ್ ಇಲ್ಲ ಅಂತ ನಾಲ್ಕು ಮನೆಯವರು ಮಕ್ಕಳನ್ನು ಬಿಡಿಸಿದರೆ, ಉಳಿದವರಿಗೆ ಇರುವ ಟೀಚರೂ ಹೋಗಬಹುದು. ಸಣ್ಣ ಊರಿನಲ್ಲಿ ನಾಲ್ಕು ಮನೆ ಅಂದರೆ ಕಮ್ಮಿಯೇನಲ್ಲ, ಅಲ್ವಾ?

ಸೇರಿಸುವ ಯೋಚನೆ ಇದ್ದರೆ ಶಾಲೆ ನಡೆಯುವ ದಿನವೇ ಹೋಗಿ. ಖಾಲಿ ಹುದ್ದೆ ಎಷ್ಟಿದೆ ಕೇಳಿ, ನಲ್ಲಿ ತಿರುಗಿಸಿ ನೋಡಿ, 3ನೇ ತರಗತಿಯ ಯಾವುದಾದರೂ ಮಗುವಿನ ಕೈಲಿ ಒಂದು ಪುಟ ಓದಿಸಿ ಕೇಳಿ. ನಮ್ಮ ಮಕ್ಕಳಂತೂ ಇಲ್ಲೇ ಮುಂದುವರಿಯುತ್ತಾರೆ.