ನೇತ್ರಾಣಿಯಲ್ಲಿ ಆಮೆಯ ಫೋಟೋಗಾಗಿ ಬೆನ್ನು ಹತ್ತಬೇಡಿ

ಕ್ಯಾಮೆರಾ ಹಿಡಿದು ನೇತ್ರಾಣಿ ದ್ವೀಪಕ್ಕೆ ಸ್ಕೂಬಾ ಡೈವಿಂಗ್‌ಗೆ ಹೊರಟವರು ದಯವಿಟ್ಟು ಇದನ್ನು ಓದಿಕೊಂಡು ಹೋಗಿ.

ಕಳೆದ ಡಿಸೆಂಬರ್‌ನಲ್ಲಿ ಮುರ್ಡೇಶ್ವರದಿಂದ ಬೋಟಿನಲ್ಲಿ ಹೋಗಿದ್ದೆ. ಡೈವಿಂಗ್ ಕಲಿಯುವವರ ಮೊದಲ ಹಂತದ ಓಪನ್ ವಾಟರ್ ಕೋರ್ಸ್ ಮುಗಿಸಿದ ಮೇಲೆ ಅದು ನನ್ನ ಎರಡನೇ ಡೈವ್. ದಡದಲ್ಲೇ ಗೈಡ್ "ಆಮೆ ಜೊತೆ ಫೋಟೋ ಗ್ಯಾರಂಟಿ ಸರ್" ಅಂದಿದ್ದ. ಆ ಮಾತು ಕೇಳಿದಾಗಲೇ ಬೇರೆ ಬೋಟ್ ನೋಡಿಕೊಳ್ಳಬೇಕಿತ್ತು. ಕಾಡುಪ್ರಾಣಿಗೆ ಗ್ಯಾರಂಟಿ ಕೊಡುವವನು ಅದನ್ನು ಹಿಡಿದಾದರೂ ನಿಲ್ಲಿಸುತ್ತಾನೆ.

ಹಾಗೇ ಆಯಿತು. ಸುಮಾರು 12 ಮೀಟರ್ ಆಳದಲ್ಲಿ, ಬಂಡೆಯ ಸಂದಿಯಲ್ಲಿ ಒಂದು ಹಸಿರು ಕಡಲಾಮೆ ಮಲಗಿತ್ತು. ಅಷ್ಟು ಶಾಂತವಾದ ಪ್ರಾಣಿಯನ್ನು ನಾನು ಎಲ್ಲೂ ನೋಡಿರಲಿಲ್ಲ. ಗೈಡ್ ಹಿಂದಿನಿಂದ ಹೋಗಿ ಚಿಪ್ಪಿನ ಅಂಚು ಹಿಡಿದು ಅದನ್ನು ನನ್ನ ಕಡೆ ತಿರುಗಿಸಿದ. ಅದು ಈಜುಗಾಲು ಬಡಿದು ಒದ್ದಾಡುತ್ತಿದ್ದರೂ ನಾನು ಬೇಡ ಎಂದು ಕೈ ಮಾಡಲಿಲ್ಲ, ಫೋಟೋ ತೆಗೆಯುತ್ತಲೇ ಇದ್ದೆ. ಅದು ನನ್ನ ತಪ್ಪು.

ಬಿಡಿಸಿಕೊಂಡ ಆಮೆ ನೇರ ಮೇಲಕ್ಕೆ ಹೊರಟಿತು. ಅದಕ್ಕೂ ನಮ್ಮ ಹಾಗೆ ಶ್ವಾಸಕೋಶ, ಗಾಳಿ ಬೇಕು. ಸುಮ್ಮನೆ ಮಲಗಿದ್ದರೆ ಗಂಟೆಗಟ್ಟಲೆ ನೀರಡಿ ಇರಬಲ್ಲದು, ಹೆದರಿ ಒದ್ದಾಡಿದರೆ ಉಸಿರು ಬೇಗ ಮುಗಿಯುತ್ತದೆ. ನಾನೋ ಕ್ಯಾಮೆರಾದ ಪರದೆಯಲ್ಲೇ ಕಣ್ಣಿಟ್ಟು ಹಿಂದೆಯೇ ಹೋದೆ. ಮೇಲೇರಿದಂತೆ ನೀರಿನ ಒತ್ತಡ ಇಳಿದು, ತೇಲಲು ತೊಟ್ಟ ಜಾಕೆಟ್ಟಿನ ಗಾಳಿ ಹಿಗ್ಗಿ ನಮ್ಮನ್ನು ಇನ್ನೂ ಬೇಗ ಮೇಲೆಳೆಯುತ್ತದೆ, ಅದನ್ನು ಬಿಡುತ್ತಾ ಬರಬೇಕು. ಬಿಡಲಿಲ್ಲ. ಆಳ, ಏರುವ ವೇಗ ನೋಡಿಕೊಳ್ಳುವ ಕೈಯ ಡೈವ್ ಕಂಪ್ಯೂಟರ್ ಕೂಗಿದ್ದು ಕೇಳಿಸಲಿಲ್ಲ. ಎಲ್ಲಕ್ಕಿಂತ ಭಯ ಹುಟ್ಟಿಸುವುದು ಇದು: ಫೋಟೋ ಅಲುಗಬಾರದೆಂದು ಉಸಿರು ಹಿಡಿದಿದ್ದೆ. 10 ಮೀಟರ್ ಆಳದಲ್ಲಿ ಎದೆಯಲ್ಲಿ ತುಂಬಿಕೊಂಡ ಗಾಳಿ ಮೇಲೆ ಬರುವಷ್ಟರಲ್ಲಿ ಎರಡರಷ್ಟಾಗಲು ನೋಡುತ್ತದೆ. ಉಸಿರು ಬಿಡದಿದ್ದರೆ ಶ್ವಾಸಕೋಶ ಹರಿಯುತ್ತದೆ. ಕೋರ್ಸಿನ ಮೊದಲ ದಿನವೇ ಹೇಳಿಕೊಟ್ಟ ಪಾಠ ಅದು. ಹೇಗೋ ಕೊನೆಯ ಗಳಿಗೆಯಲ್ಲಿ ನೆನಪಾಗಿ ಉಸಿರು ಬಿಟ್ಟೆ.

ನೀರಿನಿಂದ ತಲೆ ಎತ್ತಿದಾಗ ಇನ್ನೊಂದು ಬೋಟಿನ ಎಂಜಿನ್ ಕೆಲವೇ ಅಡಿ ದೂರದಲ್ಲಿ ಓಡುತ್ತಿತ್ತು. ಮಾಸ್ಕಿನೊಳಗೆ ಮೂಗಿನ ರಕ್ತ, ಬಲಗಿವಿಯಲ್ಲಿ ತಡೆಯಲಾರದ ನೋವು. ಊರಿಗೆ ಬಂದು ಕಿವಿ ಡಾಕ್ಟರಿಗೆ ತೋರಿಸಿದರೆ ಒಂದು ತಿಂಗಳು ನೀರಿಗಿಳಿಯಲೇಬೇಡಿ ಎಂದರು.

ಆದ್ದರಿಂದ ದುಡ್ಡು ಕೊಡುವ ಮೊದಲೇ ಕೇಳಿ: ಆಮೆ ಕಂಡರೆ ಏನು ಮಾಡುತ್ತೀರಿ? ಮುಟ್ಟುತ್ತೇವೆ, ಹಿಡಿಯುತ್ತೇವೆ ಎಂದವರ ಜೊತೆ ಹೋಗಬೇಡಿ. ನಮ್ಮ ಕಡಲಾಮೆಗಳು 1972ರ ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ, ಹಿಡಿಯುವುದು ಅಪರಾಧ. ನೀರಿನಲ್ಲಿ ಕಂಡಾಗ ಪಕ್ಕಕ್ಕೆ ಸರಿದು ತೇಲುತ್ತಾ ನಿಲ್ಲಿ, ಅದರ ಮೇಲೆ ಬರಬೇಡಿ, ಮೇಲಕ್ಕೆ ಹೋಗುವ ದಾರಿ ಬಿಡಿ. ಅದು ಮೇಲೆ ಹೊರಟಿತೋ, ಕ್ಯಾಮೆರಾ ಇಳಿಸಿ ಅಲ್ಲೇ ಇರಿ. ಗೈಡ್ ಚಿಪ್ಪಿಗೆ ಕೈ ಹಾಕಿದರೆ ಬೇಡವೆಂದು ಸನ್ನೆ ಮಾಡಿ, ದಡಕ್ಕೆ ಬಂದು ಅರಣ್ಯ ಇಲಾಖೆಗೆ ತಿಳಿಸಿ.

ಆ ಫೋಟೋಗಳನ್ನು ನಾನು ಇಲ್ಲಿ ಹಾಕುವುದಿಲ್ಲ. ಒಂದೊಂದರಲ್ಲೂ ಗೈಡ್‌ನ ಬೆರಳುಗಳು ಕಾಣುತ್ತವೆ.