ಎಟಿಸಿಗೆಂದೇ ಕತ್ತರಿಸಿಟ್ಟ ಜಲವರ್ಣ ಕಾರ್ಡುಗಳ ಪ್ಯಾಕ್: ಕೊಳ್ಳಬಹುದೇ?

ಎಟಿಸಿ ಎಂದರೆ ಆರ್ಟಿಸ್ಟ್ ಟ್ರೇಡಿಂಗ್ ಕಾರ್ಡ್, ಕಲಾವಿದರು ತಮ್ಮತಮ್ಮಲ್ಲಿ ಬದಲಾಯಿಸಿಕೊಳ್ಳುವ ಪುಟ್ಟ ಚಿತ್ರ. ಇದರಲ್ಲಿ ರಾಜಿಯಿಲ್ಲದ್ದು ಅಳತೆ: 64 × 89 ಮಿ.ಮೀ. ಈ ಪ್ಯಾಕಿನ 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ) ಕೋಲ್ಡ್ ಪ್ರೆಸ್ (ತುಸು ತರಿತರಿ ಮೈಯ) ಕಾರ್ಡುಗಳು ಅಳತೆಗೆ ಸರಿಯಾಗಿವೆ, ಅಂಚು ನೀಟಾಗಿದೆ, ಸ್ಲೀವ್‌ಗೆ (ಕಾರ್ಡು ಇಡುವ ಪ್ಲಾಸ್ಟಿಕ್ ಜೇಬು) ಸಲೀಸಾಗಿ ಇಳಿಯುತ್ತವೆ.

ಆದರೆ ಕಾಗದ ಹತ್ತಿಯದಲ್ಲ, ಮರದ ತಿರುಳಿನದು. ಒದ್ದೆಯಿರುವಾಗಲೇ ಮತ್ತೆ ಮತ್ತೆ ಬ್ರಷ್ ಆಡಿಸಿದರೆ ನಾರು ಎದ್ದು ಉಂಡೆಯುಂಡೆಯಾಗುತ್ತದೆ. ಒಂದೇ ಮಗ್ಗುಲು ನೆನೆಯುವುದರಿಂದ ಕಾರ್ಡು ಬಾಗುತ್ತದೆ. ನಾಲ್ಕೂ ಅಂಚಿನ 3 ಮಿ.ಮೀ. ಹಿಡಿದು ಮಾಸ್ಕಿಂಗ್ ಟೇಪಿನಿಂದ ಬೋರ್ಡಿಗೆ ಅಂಟಿಸಿ. ಟೇಪನ್ನು ಮೊದಲು ಬಟ್ಟೆಗೊಮ್ಮೆ ಒತ್ತಿ ಅಂಟು ತಗ್ಗಿಸಿಕೊಳ್ಳಿ, ಪೂರ್ತಿ ಒಣಗಿದ ಮೇಲೆ ಹೊರಮುಖವಾಗಿ ನಿಧಾನಕ್ಕೆ ಎಳೆಯಿರಿ. ಅವಸರಪಟ್ಟರೆ ಮೇಲ್ಪದರವೇ ಕಿತ್ತು ಬರುತ್ತದೆ. ಇಂಕ್ ಪೆನ್, ಕಲರ್ ಪೆನ್ಸಿಲ್, ಗಟ್ಟಿ ಗೌಶ್‌ಗಾದರೆ (ಅಪಾರದರ್ಶಕ ಜಲವರ್ಣ) ಧಾರಾಳವಾಗಿ ಕೊಳ್ಳಿ.

ದುಡ್ಡು ಉಳಿಸುವವರು ತಾವೇ ಕತ್ತರಿಸಿಕೊಂಡರೆ ಒಂದು ಎ4 ಹಾಳೆಯಲ್ಲಿ 9 ಕಾರ್ಡು ಸಿಗುತ್ತವೆ. ಸ್ಟೀಲ್ ಸ್ಕೇಲ್, ಹೊಸ ಬ್ಲೇಡ್ ಸಾಕು. ಉಳಿದ ಪಟ್ಟಿ ಬಣ್ಣ ಪರೀಕ್ಷೆಗಾಯಿತು.

ಜೋಪಾನಕ್ಕೆ 9 ಜೇಬಿನ ಪಾಲಿಪ್ರೊಪಿಲೀನ್ ಹಾಳೆ ತಗೊಳ್ಳಿ. ಪಿವಿಸಿ ಬೇಡವೇ ಬೇಡ, ವರ್ಷ ಕಳೆದಂತೆ ಬಣ್ಣಕ್ಕೆ ಅಂಟಿಕೊಳ್ಳುತ್ತದೆ. ಹಿಂಬದಿಯಲ್ಲಿ ಹೆಸರು, ದಿನಾಂಕ, ಕ್ರಮಸಂಖ್ಯೆ ಇರಲಿ. 1997ರಲ್ಲಿ ಜ್ಯೂರಿಕ್‌ನ ಕಲಾವಿದ ವಾಂಚಿ ಸ್ಟಿರ್ನೆಮನ್ ಇವನ್ನು ಪ್ರದರ್ಶಿಸಿದಾಗಿನಿಂದಲೂ ಕಾರ್ಡು ಇರುವುದು ವಿನಿಮಯಕ್ಕೆ, ಮಾರಾಟಕ್ಕಲ್ಲ.