ಜಾಝ್ ಕೇಳೋಕೆ ವ್ಯಾನ್‌ಗಾರ್ಡಾ, ಬ್ಲೂ ನೋಟಾ, ಸ್ಮಾಲ್ಸಾ?

ನ್ಯೂಯಾರ್ಕ್‌ನಲ್ಲಿ ಜಾಝ್ ಕೇಳಬೇಕು, ಎಲ್ಲಿಗೆ ಹೋಗಲಿ ಅಂತ ಕೇಳುವವರಿಗೆ ನಾನು ಮೊದಲು ಹೇಳುವುದು ವಿಲೇಜ್ ವ್ಯಾನ್‌ಗಾರ್ಡ್ ಅನ್ನೋ ಕ್ಲಬ್. ಬ್ಲೂ ನೋಟ್, ಸ್ಮಾಲ್ಸ್ ಎರಡರಲ್ಲೂ ಕೂತು ಕೇಳಿದ ಮೇಲೇ ಈ ಮಾತು. ಮೂರೂ ಕ್ಲಬ್ಬುಗಳು ಗ್ರೆನಿಚ್ ವಿಲೇಜ್ ಅನ್ನೋ ಬಡಾವಣೆಯಲ್ಲೇ ಇವೆ. ಒಂದರಿಂದ ಇನ್ನೊಂದಕ್ಕೆ ನಡೆದೇ ಹೋಗಬಹುದು.

ವ್ಯಾನ್‌ಗಾರ್ಡ್ 1935ರದು. ಕಡಿದಾದ ಮೆಟ್ಟಿಲು ಇಳಿದರೆ ನೆಲಮಾಳಿಗೆ, ವೇದಿಕೆ ಕಡೆಗೆ ಹೋಗ್ತಾ ಕಿರಿದಾಗುವ ಹಾಲ್. ನೂರಿಪ್ಪತ್ತು ಚಿಲ್ಲರೆ ಜನ ಕೂತರೆ ತುಂಬಿತು. ಊಟ ಇಲ್ಲ, ಕುಡಿಯೋಕೆ ಮಾತ್ರ. ಸಂಗೀತ ಕಚೇರಿ ನಡೆಯುವಾಗ ಫೋನ್ ಎತ್ತುವಂತಿಲ್ಲ. ಹೀಗಾಗಿ ಬೇಸ್ (ದಪ್ಪ ದನಿಯ ದೊಡ್ಡ ತಂತಿವಾದ್ಯ) ಒಂದೇ ನುಡಿಯುವ ಸೋಲೊ ಬಂದಾಗ ಎಲ್ಲರೂ ಗಪ್‌ಚಿಪ್. ಬೆರಳು ತಂತಿ ಮೇಲೆ ಜಾರುವ ಸದ್ದು, ನುಡಿಸುವವರು ತಮಗೇ ಗುನುಗಿಕೊಳ್ಳುವುದು ಕೂಡ ಕಿವಿಗೆ ಬೀಳುತ್ತದೆ. ಮಜಾ ಏನಂದ್ರೆ, 1961ರ ಜೂನ್ 25ರಂದು ಪಿಯಾನೊ ವಾದಕ ಬಿಲ್ ಇವಾನ್ಸ್‌ನ ಮೂವರ ತಂಡ (ಟ್ರಯೊ) ಇಲ್ಲೇ ಮಾಡಿದ ರೆಕಾರ್ಡಿಂಗ್‌ನಲ್ಲಿ ಗ್ಲಾಸುಗಳ ಸದ್ದು, ಜನರ ಹರಟೆ ಎಲ್ಲ ಚೆನ್ನಾಗೇ ಕೇಳಿಸುತ್ತದೆ. ಆಗಿನವರಿಗಿಂತ ಈಗಿನವರೇ ವಾಸಿ!

ಇಲ್ಲಿ ಸಾಮಾನ್ಯವಾಗಿ ಒಂದೇ ತಂಡ ಮಂಗಳವಾರದಿಂದ ಭಾನುವಾರದವರೆಗೆ ನುಡಿಸುತ್ತದೆ. ನನ್ನ ಕೇಳಿದರೆ ವಾರದ ಕೊನೆಗೆ ಹೋಗಿ. ಅಷ್ಟೊತ್ತಿಗೆ ತಂಡದವರು ಒಬ್ಬರಿಗೊಬ್ಬರು ಹೊಂದಿಕೊಂಡು, ಮೈಚಳಿ ಬಿಟ್ಟು ನುಡಿಸುತ್ತಿರುತ್ತಾರೆ. ಸೋಮವಾರದ್ದು ಬೇರೆಯೇ ಕಥೆ. ಟ್ರಂಪೆಟ್ ವಾದಕ ಥ್ಯಾಡ್ ಜೋನ್ಸ್, ಡ್ರಮ್ಮರ್ ಮೆಲ್ ಲೂಯಿಸ್ 1966ರಲ್ಲಿ ಇಲ್ಲಿ ಶುರು ಮಾಡಿದ ದೊಡ್ಡ ತಂಡ (ಬಿಗ್ ಬ್ಯಾಂಡ್) ಈಗಲೂ ವ್ಯಾನ್‌ಗಾರ್ಡ್ ಜಾಝ್ ಆರ್ಕೆಸ್ಟ್ರಾ ಅನ್ನೋ ಹೆಸರಲ್ಲಿ ನುಡಿಸುತ್ತದೆ. ಅಷ್ಟು ಸಣ್ಣ ಜಾಗದಲ್ಲಿ ಟ್ರಂಪೆಟ್, ಟ್ರಾಂಬೋನ್ ಎಲ್ಲ ಒಟ್ಟಿಗೆ ಎದ್ದರೆ ಎದೆಗೇ ಬಡಿಯುತ್ತದೆ. ಪಿಯಾನೊ ಮೇಲಿನ ಕೈ ನೋಡಬೇಕಾದರೆ ಎಡಗಡೆ ಕೂರಿ. ಡ್ರಮ್ಸ್ ಬಲಕ್ಕಿರುತ್ತದೆ.

ಬ್ಲೂ ನೋಟ್ 1981ರಲ್ಲಿ ಶುರುವಾಯಿತು. ಮೇಜಿಗೇ ಊಟ ಬರುತ್ತದೆ. ದೊಡ್ಡ ಹೆಸರುಗಳು ಜಾಸ್ತಿ. ಹಿಪ್-ಹಾಪ್, ಆರ್ ಅಂಡ್ ಬಿ ಕಡೆಗೂ ವಾಲುತ್ತದೆ. ಪಿಯಾನೊ ವಾದಕ ರಾಬರ್ಟ್ ಗ್ಲಾಸ್ಪರ್ 2018ರಲ್ಲಿ ಅಕ್ಟೋಬರ್ ತಿಂಗಳ ಕಚೇರಿಗಳ ಸರಣಿ ಶುರು ಮಾಡಿದ್ದು ಇಲ್ಲೇ. ಜಾಝ್ ಅಂದರೆ ಅಷ್ಟಕ್ಕಷ್ಟೇ ಅನ್ನೋ ಗೆಳೆಯರು ಜೊತೆಗಿದ್ದರೆ ನಾನೂ ಇಲ್ಲಿಗೇ ಕರೆದುಕೊಂಡು ಹೋಗುತ್ತೇನೆ. ಬಾರ್ ಸೀಟು ಮೇಜಿಗಿಂತ ಅಗ್ಗ.

ಸ್ಮಾಲ್ಸ್ 1994ರದು. ಅದೂ ನೆಲಮಾಳಿಗೆಯೇ, ವ್ಯಾನ್‌ಗಾರ್ಡ್‌ನಿಂದ ಕೂಗಳತೆ ದೂರ. ಮುಖ್ಯ ತಂಡದ ಕಚೇರಿ ಮುಗಿದ ಮೇಲೆ ತಡರಾತ್ರಿಯ ಜ್ಯಾಮ್, ಅಂದರೆ ಬಂದವರು ಸರದಿಯಂತೆ ಸೇರಿ ನುಡಿಸುವುದು, ನಡೆಯುತ್ತದೆ. ಸ್ಯಾಕ್ಸೊಫೋನ್ ಹೆಗಲಿಗೆ ಹಾಕಿಕೊಂಡ ಹುಡುಗರು ಗೋಡೆಗೆ ಒರಗಿ ಸರದಿಗೆ ಕಾಯುತ್ತಿರುತ್ತಾರೆ. ಒಬ್ಬ ಚೆನ್ನಾಗಿ ನುಡಿಸಿದರೆ ಮುಂದಿನವನು ಬೆರಳು ಆಡಿಸಿಕೊಳ್ಳುತ್ತಾ ನಿಂತಲ್ಲೇ ಚಡಪಡಿಸುವುದು ಕಾಣುತ್ತದೆ. ನುಡಿಸುವುದು ಒಮ್ಮೊಮ್ಮೆ ಸಪ್ಪೆ, ಒಮ್ಮೊಮ್ಮೆ ಅದ್ಭುತ. ಪೂರ್ತಿ ಪಳಗಿದ ತಂಡ ಬೇಕು ಅನ್ನೋರಿಗೆ ಇದು ಒಗ್ಗಲಿಕ್ಕಿಲ್ಲ. ನನಗಂತೂ ವ್ಯಾನ್‌ಗಾರ್ಡ್‌ನ ಎರಡನೇ ಸೆಟ್ (ರಾತ್ರಿಯ ಎರಡನೇ ಸುತ್ತಿನ ಕಚೇರಿ) ಮುಗಿಸಿ ಇಲ್ಲಿಗೆ ಬರೋದೇ ಇಷ್ಟ. ಅಷ್ಟು ದೂರ ಹೋಗೋಕಾಗಲ್ಲ ಅಂದರೆ ಸ್ಮಾಲ್ಸ್ ಕಚೇರಿಗಳನ್ನು ಆನ್‌ಲೈನ್‌ನಲ್ಲೇ ನೇರವಾಗಿ ನೋಡಬಹುದು. ಬೇಸಿಗೆಯಲ್ಲಿ ಅಲ್ಲಿ ರಾತ್ರಿ ಎಂಟು ಅಂದರೆ ನಮಗೆ ಮರುದಿನ ಬೆಳಗಿನ ಐದೂವರೆ.